ಚಿನ್ನವ ಬುಟ್ಬುಟ್ರಂತೆ

ಹುಣಸೂರಿನ ಸಂತೆಯಿಂದ ಬಂದ ಚಿಕ್ಕಸಿದ್ದಮ್ಮಜ್ಜಿ ತಲೆಯ ಮೇಲಿನ ಕುಕ್ಕೆಯನ್ನೂ ಇಳಿಸದೆ ಹೊಸಿಲಲ್ಲೇ ನಿಂತಳು.

"ಚಿನ್ನವ ಬುಟ್ಬುಟ್ರಂತೆ ಕಣವ್ವ. ಬಸವರಾಜೂನೇ ಅಂಗಡೀಲಿ ಎಲ್ಲರ ಮುಂದೆ ಅಂದ. ಕಿವಿಯಾರ ಕೇಳ್ದೆ."

ಕಟ್ಟೆಮಳಲವಾಡಿಯ ಆ ಮನೆಯಲ್ಲಿ ಚಿನ್ನ ಎಂದರೆ ಒಡವೆಯಲ್ಲ. ಅಜ್ಜಿಯ ಮೊಮ್ಮಗಳು ಚಿನ್ನತಾಯಿ. ಬಸವರಾಜು ಹುಣಸೂರಿನ ಒಡವೆ ಅಂಗಡಿಯಲ್ಲಿ ತಕ್ಕಡಿ ಹಿಡಿಯುವವನು. ೧೯೩೧ರ ದಸರಾ ಕಳೆದ ಮೇಲೆ ಇಬ್ಬರಿಗೂ ಮದುವೆಯೆಂದು ವೀಳ್ಯ ಬದಲಾಯಿಸಿ ಆಗಿತ್ತು.

ಚಿನ್ನತಾಯಿ ಬೀಸುಕಲ್ಲಿನ ಗೂಟ ಬಿಡಲಿಲ್ಲ. ರಾಗಿ ಹಾಕುವುದನ್ನು ಮಾತ್ರ ಮರೆತಳು. ಬರಿಗಲ್ಲು ಗರಗರ ತಿರುಗಿತು.

ಬಿಡುವವನು ಅಂದು ಹಾಗೇಕೆ ನೋಡಿದ? ಓಲೆಯ ತಿರುಪು ಸರಿಮಾಡಿಸಲು ಹೋದಾಗ, ಓಲೆಯನ್ನು ಬೆಳಕಿಗೆ ಹಿಡಿದು ಕಲ್ಲು ನೋಡುವವನಂತೆ ನಟಿಸುತ್ತ, ಅದರ ಅಂಚಿನಾಚೆ ಅವಳನ್ನೇ ನೋಡಿದ್ದ. "ಹೊಳಪು ಚೆನ್ನಾಗದೆ," ಅಂದಿದ್ದ. ಓಲೆಗೆ ಅಂದನೋ ತನಗೆ ಅಂದನೋ, ಅವಳಿಗೆ ಇನ್ನೂ ಬಗೆಹರಿದಿರಲಿಲ್ಲ.

ಮರುದಿನ ಅಜ್ಜಿಯನ್ನು ಕುಕ್ಕೆಯ ಸಮೇತ ಹೊರಡಿಸಿಕೊಂಡು ಅಂಗಡಿಗೆ ಹೋದಳು. ಜಗಲಿ ತುಂಬ ಜನ. ಕೊಳ್ಳುವವರು ಒಬ್ಬರಿಲ್ಲ, ಎಲ್ಲರೂ ಮಾರುವವರೇ. ಅವಳೂ ಓಲೆ ಬಿಚ್ಚಿ ತಕ್ಕಡಿಗೆ ಹಾಕಿದಳು. ತಲೆಯೆತ್ತಿದ ಬಸವರಾಜುವಿನ ತುಟಿಗೆ ಬಂದ ನಗು ಅಲ್ಲೇ ನಿಂತಿತು.

"ಯಾಕೆ ಮಾರ್ತೀಯ?"

ಅವಳು ತಕ್ಕಡಿಗೆ ಹೇಳಿದಳು, "ಬುಟ್ಮೇಲೆ ಇದ್ಯಾಕೆ?"

"ಯಾರು ಬುಟ್ಟಿದ್ದು?"

"ನೀವೇ ಅಂದ್ರಂತಲ್ಲ. ಚಿನ್ನವ ಬುಟ್ರು ಅಂತ."

ಅವನು ಕಣ್ಣು ಕಣ್ಣು ಬಿಟ್ಟ. ಅರ್ಥವಾದಾಗ ಕಿವಿ ಕೆಂಪಾಯಿತು. "ಅದು ಪೇಪರ್ ಓದಿದ್ದು. ಬುಟ್ಟಿದ್ದು ಲಂಡನ್ನಿನೋರು ಕಣಮ್ಮಿ."

ಅಜ್ಜಿ ಸೊಂಟಕ್ಕೆ ಕೈಯಿಟ್ಟಳು. "ಲಂಡನ್ನಿನೋರ್ಗೆ ನಮ್ಮುಡ್ಗೀನ ತೋರ್ಸ್ದೋರು ಯಾರು?"

ಜಗಲಿ ನಕ್ಕಿತು. ಬಸವರಾಜು ತನಗೆ ತಿಳಿದಷ್ಟು ಬಿಡಿಸಿ ಹೇಳಿದ. ಇಂಗ್ಲೆಂಡಿನ ಪೌಂಡನ್ನು ಇಷ್ಟೇ ಚಿನ್ನಕ್ಕೆ ಅಂತ ಗಂಟು ಹಾಕಿದ್ದರು. ಪರದೇಶದವರೆಲ್ಲ ಪೌಂಡು ಕೊಟ್ಟು ಚಿನ್ನ ಕೇಳಲು ನುಗ್ಗಿದಾಗ ಗಂಟು ಬಿಚ್ಚಿ ಚಿನ್ನವನ್ನು ಬಿಟ್ಟುಬಿಟ್ಟರು. ಪೌಂಡು ಜಾರಿತು. ಅದರ ಸೆರಗು ಹಿಡಿದಿದ್ದ ನಮ್ಮ ರೂಪಾಯಿಯೂ ಜಾರಿತು. ಈಗ ಚಿನ್ನಕ್ಕೆ ಹೆಚ್ಚು ರೂಪಾಯಿ. ಬೊಂಬಾಯಿಯ ಸೇಟುಗಳು ಅದನ್ನು ಕೊಂಡು ಹಡಗಿಗೆ ತುಂಬುತ್ತಿದ್ದಾರೆ, ಜನ ಮಾರುತ್ತಿದ್ದಾರೆ.

ಚಿನ್ನತಾಯಿಗೆ ತಲೆಬುಡ ಹತ್ತಲಿಲ್ಲ. ಬಿಟ್ಟದ್ದು ಅಗ್ಗವಾಗಬೇಕಲ್ಲ? ಗಂಡ ಬಿಟ್ಟ ಹೆಣ್ಣಿಗೆ ಊರಿನಲ್ಲಿ ಬೆಲೆ ಏರಿದ್ದನ್ನು ಅವಳು ಕಂಡಿರಲಿಲ್ಲ.

"ಚಿನ್ನ ಏರ್ಲಿಲ್ಲ. ನಾವು ಇಳ್ದೋ," ಅಂದ ಅವನು.

ಲಕ್ಷ್ಮಣತೀರ್ಥದಲ್ಲಿ ತೆಪ್ಪ ತೇಲುವಾಗ ದಡದ ಮರಗಳೇ ಓಡಿದಂತೆ ಕಾಣುವುದು ಅವಳಿಗೆ ನೆನಪಾಯಿತು. ಅರ್ಥವಾದಂತಾಯಿತು, ಮರುಗಳಿಗೆ ಜಾರಿಹೋಯಿತು.

"ಅಂಗಾದ್ರೆ ಮದ್ವೆ?"

ಅವನ ಮುಖ ಬಾಡಿತು. ತಾಳಿಯ ಚಿನ್ನಕ್ಕೆಂದು ಸಂಬಳದಲ್ಲಿ ಉಳಿಸಿದ್ದು ಈಗ ಮುಕ್ಕಾಲು ತಾಳಿಗೂ ಸಾಲದು. ಭತ್ತದ ಬೆಲೆ ಬಿದ್ದಿದೆ, ಅಪ್ಪನನ್ನು ಕೇಳುವಂತಿಲ್ಲ. ಬೆಲೆ ಇಳಿಯುವವರೆಗೆ ಮದುವೆ ಮುಂದಕ್ಕೆ ಹಾಕೋಣವೆಂದು ಹೇಳಿಕಳಿಸಲಿದ್ದೆ ಎಂದು ಒಪ್ಪಿಕೊಂಡ.

"ಲಂಡನ್ನಿನೋರು ಮತ್ತೆ ಯಾವಾಗ ಗಂಟಾಕ್ತರೆ?"

"ಅವರ್ಗೂ ಗೊತ್ತಿಲ್ವೇನೋ."

ಅಂದರೆ ಅಜ್ಜಿ ಕೇಳಿಸಿಕೊಂಡದ್ದು ಸುಳ್ಳೋ, ಅರ್ಧ ನಿಜವೋ? ಚಿನ್ನತಾಯಿ ಅಜ್ಜಿಯ ಕುಕ್ಕೆಗೆ ಕೈಹಾಕಿದಳು. ನಿನ್ನೆ ಸಂತೆಯಲ್ಲಿ ಕೊಂಡ ಅರಿಸಿನದ ಕೊಂಬು ಸಿಕ್ಕಿತು; ಅವರ ಕಡೆ ಬಡವರು ಚಿನ್ನದ ಬದಲು ತಾಳಿಯ ದಾರಕ್ಕೆ ಪೋಣಿಸುವುದು ಅದನ್ನೇ. ಅದನ್ನು ತಕ್ಕಡಿಯ ಇನ್ನೊಂದು ತಟ್ಟೆಗೆ ಹಾಕಿದಳು. ಓಲೆ ಮೇಲಕ್ಕೆದ್ದಿತು, ಕೊಂಬು ಕೆಳಗಿಳಿಯಿತು.

"ಇದನ್ನೂ ಬುಟ್ಟವ್ರಾ ಲಂಡನ್ನಿನೋರು?"

ಬಸವರಾಜು ನಿಜವಾಗಿಯೂ ಪೇಪರ್ ತಿರುವಿ ನೋಡಿದ. "ಬಂದಿಲ್ಲ," ಅಂದ. ಆಮೇಲೆ ಪೇಪರ್ ಮಡಿಸಿ, "ಹೊಳಪು ಚೆನ್ನಾಗದೆ," ಅಂದ.

ಓಲೆ ತಕ್ಕಡಿಯಲ್ಲಿತ್ತು. ಅವನು ಆ ಕಡೆ ನೋಡಿಯೇ ಇರಲಿಲ್ಲ. ಪೌಂಡು, ರೂಪಾಯಿ, ಹಡಗು ಯಾವುದೂ ಅರ್ಥವಾಗದಿದ್ದರೂ, ಇದೊಂದು ಚಿನ್ನತಾಯಿಗೆ ಬಗೆಹರಿಯಿತು.