ಮರಳು ಮುಚ್ಚುವ ಮುನ್ನ

ಅಕ್ಟೋಬರ್ ೧೯ರ ಬೆಳಿಗ್ಗೆ ಯೊರ್ದಾನ್ ದೇಶದ ಮಾದಬಾ ಪೊಲೀಸ್ ಠಾಣೆಗೆ ಬಂದ ಉತ್ಖನನ ನಿರ್ದೇಶಕಿ ಡಾ. ರುಲಾ ಕೂರಲೂ ಒಪ್ಪದೆ ದೂರು ಕೊಟ್ಟರು. ದಿಬ್ಬದ ಮೇಲೆ ಆ ಬೇಸಿಗೆ ಸಿಕ್ಕಿದ್ದ ಹಳೇ ಇಗರ್ಜಿಯ ನೆಲದಿಂದ ತಟ್ಟೆಯಗಲದ ತುಂಡೊಂದು ಕಳವಾಗಿತ್ತು. ಬಣ್ಣದ ಹರಳುಗಲ್ಲು ಜೋಡಿಸಿ ಬೈಬಲಿನ ಊರುಗಳನ್ನು ಚಿತ್ರಿಸಿದ ನೆಲವದು. ಚಾವಣಿ ಆಗುವವರೆಗೆ ಅದನ್ನು ಮತ್ತೆ ಮರಳಿನಲ್ಲಿ ಹೂಳುವುದು ಪದ್ಧತಿ. ನಾಳೆ ಬರಬೇಕಿದ್ದ ಮರಳಿನ ಲಾರಿ ಇವತ್ತೇ ಬಂದುಬಿಟ್ಟಿತ್ತು. ಮುಚ್ಚಲು ಹೋದವರಿಗೆ ಗುಂಡಿ ಕಂಡಿತು.

ಎಫ್‌ಐಆರ್ ದಾಖಲಿಸಿ ಇನ್ಸ್‌ಪೆಕ್ಟರ್ ಫವ್ವಾಜ್ ದಿಬ್ಬ ಹತ್ತಿದ. ಸರ್ವೀಸಿನುದ್ದಕ್ಕೂ ಕಳ್ಳಸಾಗಣೆಯ ಒಡಕು ಮಡಕೆಗಳನ್ನಷ್ಟೇ ಕಂಡವನು ಆ ನೆಲದ ಅಂಚಿನಲ್ಲಿ ಬೂಟು ಕಳಚಿ ನಿಂತುಬಿಟ್ಟ. ಜೆರುಸಲೇಮು, ಜೆರಿಕೊ, ನಡುವೆ ಯೊರ್ದಾನ್ ಹೊಳೆ. ಒಂದೂವರೆ ಸಾವಿರ ವರ್ಷದ ಹಿಂದೆ ಯಾರೋ ಕುಕ್ಕರಗಾಲಿನಲ್ಲಿ ಕೂತು ಒಂದೊಂದೇ ಹರಳು ಕೂರಿಸಿದ್ದರು. ಕಾನ್‌ಸ್ಟೆಬಲ್ ಮಿಸ್ಲೆಹ್ ಮಾತ್ರ, ಇಷ್ಟು ಕಲ್ಲಿದ್ದರೆ ನಮ್ಮನೆ ಅಂಗಳವೇ ಮುಗಿಯುತ್ತಿತ್ತು ಎಂದು ಗೊಣಗಿದ.

ಕಳವಾದದ್ದು ಹೊಳೆಯಾಚೆಯ ಒಂದು ಸಣ್ಣ ಊರಿನ ಚಿತ್ರ. ಆ ಊರು ಎಲ್ಲಿತ್ತೆಂದು ಪಂಡಿತರಿಗೆ ಇನ್ನೂ ಗೊತ್ತಿಲ್ಲವೆಂದರು ರುಲಾ. ಫವ್ವಾಜ್ ಗುಂಡಿಯ ಅಂಚು ಸವರಿ ನೋಡಿದ. ಸುತ್ತಲಿನ ಹರಳು ಉದುರದಂತೆ ಹಸಿ ಸುಣ್ಣದ ಗಾರೆ ಮೆತ್ತಲಾಗಿತ್ತು.

"ಕಳ್ಳ ಗಾಯಕ್ಕೆ ಪಟ್ಟಿ ಕಟ್ಟಿ ಹೋಗ್ತಾನೇನ್ರೀ ಮೇಡಂ? ಇಲ್ಲಿ ಈ ಕೆಲಸ ಬಲ್ಲವರು ಯಾರು?"

ರುಲಾರ ಮುಖ ಸಪ್ಪಗಾಯಿತು. ಹರಳುನೆಲ ದುರಸ್ತಿ ಮಾಡುವವಳು ಸಲ್ವಾ ಒಬ್ಬಳೇ. ಇವತ್ತು ರಜೆ ಹಾಕಿದ್ದಳು.

ರುಲಾ, ಮಿಸ್ಲೆಹ್ ಜೊತೆ ಫವ್ವಾಜ್ ಹೋದಾಗ ನಿರಾಶ್ರಿತರ ಕೇರಿಯ ಮನೆಯಲ್ಲಿ ಸಲ್ವಾಳ ತಾಯಿ ಫಿದ್ದಾ ಹಾಸಿಗೆ ಹಿಡಿದಿದ್ದಳು. ಮಗಳಿಂದ ಕಾಫಿ ಕೊಡಿಸಿದಳು. ಫವ್ವಾಜ್ ಕುಡಿಯದೆ ಲೋಟ ಕೆಳಗಿಟ್ಟ. ಅತಿಥಿ ಹಾಗಿಟ್ಟನೆಂದರೆ ಏನೋ ಬೇಡಲು ಬಂದಿದ್ದಾನೆ. ಮನೆಯವರು ಮಾತು ಕೊಟ್ಟ ಮೇಲೇ ಕುಡಿಯುವುದು ಅಲ್ಲಿಯ ರೂಢಿ.

"ಕುಡಿಯಪ್ಪಾ, ಕೇಳೋಕೆ ಬಂದದ್ದು ಕೊಟ್ಟಂಗೇ," ಎಂದಳು ಮುದುಕಿ, ಏನೆಂದು ತಿಳಿಯದೆ.

ತಾಯಿಯ ಮಾತನ್ನು ಸಲ್ವಾ ಮುರಿಯಲಿಲ್ಲ. ಮಂಚದಡಿಯಿಂದ ತುಂಡನ್ನು ತಂದಿಟ್ಟಳು. ಹರಳು ಚದುರದಂತೆ ಅದರ ಮುಖಕ್ಕೆ ಅಂಟಿಸಿದ್ದ ಬಟ್ಟೆ ಹಾಗೇ ಇತ್ತು. ಸಂಜೆಯೊಳಗೆ ತಿರುಗಿ ಕೂರಿಸುವವಳಿದ್ದಳು.

"ಯುದ್ಧದಲ್ಲಿ ಅಮ್ಮ ಬಿಟ್ಟುಬಂದ ಹುಟ್ಟೂರು ಇದೇ ಅಂತ ನನ್ನ ಅನುಮಾನ ಸಾರ್. ಮರಳು ಮುಚ್ಚಿದ್ರೆ ಮತ್ತೆ ತೆಗೆಯೋ ತನಕ ಅಮ್ಮ ಇರಲ್ಲ. ದಿಬ್ಬ ಹತ್ತೋಕೆ ಕಾಲಿಲ್ಲ, ಫೋನಿನ ಫೋಟೋ ಕಣ್ಣಿಗೆ ಕಾಣಲ್ಲ. ಒಂದ್ಸಲ ತೋರಿಸಿಬಿಡ್ತೀನಿ."

ರುಲಾ ಬಾಯಿ ತೆರೆಯುವ ಮೊದಲೇ ಫವ್ವಾಜ್ ಹೇಳಿದ, "ಮುಖ ನೋಡದೆ ಪಂಚನಾಮೆ ಬರೆಯೋದು ಹೇಗೆ? ಬಟ್ಟೆ ಬಿಡಿಸಮ್ಮ."

ಪಂಚರಾಗಿ ಕರೆಸಿದ ನೆರೆಯವರಿಬ್ಬರ ಮುಂದೆ ಸಲ್ವಾ ಬಿಸಿನೀರಿನಲ್ಲಿ ಅಂಟು ನೆನೆಸಿ ಮೇಲಿನಿಂದ ಸುಲಿಯತೊಡಗಿದಳು. ಎರಡು ಬಾಯಿಯ ಬಾವಿಯೊಂದು ಕಂಡಿತು. ಫಿದ್ದಾ ಮಂಜುಗಣ್ಣನ್ನು ಹತ್ತಿರ ತಂದು ತುಂಬ ಹೊತ್ತು ನೋಡಿದಳು.

"ಒಂದು ಬಾಯಿ ನಮಗೆ, ಒಂದು ಕುರಿಗೆ," ಎಂದಳು. "ಇದರ ಕೆಳಗೆ ಎಡಕ್ಕೆ ಮೆಟ್ಟಿಲಿರ್ಬೇಕು. ಮೆಟ್ಟಿಲ ಪಕ್ಕ ಅಂಜೂರದ ಮರ."

ಆ ಭಾಗ ಇನ್ನೂ ಬಟ್ಟೆಯಡಿಯಲ್ಲಿತ್ತು. ಬಟ್ಟೆ ಎದ್ದಾಗ ಮೆಟ್ಟಿಲೂ ಇತ್ತು, ಮರವೂ ಇತ್ತು. ಪಂಡಿತರೆಲ್ಲ ಹುಡುಕುತ್ತಿದ್ದ ಊರಿನ ಬಾವಿಯಿಂದ ನೀರು ಹೊತ್ತವಳು ಎದುರಿಗೇ ಇದ್ದಾಳೆಂದು ತಿಳಿದು ರುಲಾ ನೆಲಕ್ಕೇ ಕುಸಿದು ಕೂತರು. ದೂರು ಹಿಂದಕ್ಕೆ ತಗೊಳ್ಳಬಹುದೇ ಎಂದೂ ಕೇಳಿದರು; ಪ್ರಾಚ್ಯವಸ್ತು ಕಾನೂನಿನಲ್ಲಿ ಅದಕ್ಕೆ ಅವಕಾಶವಿರಲಿಲ್ಲ.

ಸಂಜೆ ನಾಲ್ಕಕ್ಕೆ ಸಲ್ವಾಳ ಬಂಧನವಾಯಿತು. ಎಲ್ಲರ ಊರನ್ನೂ ರಿಪೇರಿ ಮಾಡಿದೆ, ಅಮ್ಮನ ಊರನ್ನು ಅಮ್ಮನಿಗೆ ತೋರಿಸದೆ ಹೂಳಲು ಮನಸ್ಸು ಬರಲಿಲ್ಲ ಎಂದಷ್ಟೇ ಅವಳ ಹೇಳಿಕೆ.

"ಅಮ್ಮಾ, ಸ್ವಲ್ಪ ದೂರ ಹೋಗ್ಬರ್ತೀನಿ," ಎಂದಳು ಹೊಸ್ತಿಲಲ್ಲಿ.

ಮುದುಕಿ ಎದೆಗವಚಿದ ಕಲ್ಲಿನಿಂದ ಕಣ್ಣೆತ್ತಲಿಲ್ಲ. "ಹೋಗ್ಬಾ ಮಗಳೇ. ನಾನು ಊರಲ್ಲೇ ಇರ್ತೀನಿ."

ಆ ತುಂಡನ್ನು ಅವಳ ಕೈಯಿಂದ ಜಪ್ತಿ ಮಾಡಬೇಕಿದ್ದ ಮಿಸ್ಲೆಹ್ ಬಾಗಿಲ ಬಳಿ ನಿಂತೇ ಇದ್ದ.