ಕಿಟಕಿ ತೆರೆದ ಮೇಲೂ

"ಹುಳಕ್ಕೆ ಚಳಿಯಾಗ್ತದೆ, ಕಿಟಕಿ ಮುಚ್ಚಿ" ಎಂದವನ ಮೇಲೆಯೇ ನನಗೆ ಮನಸ್ಸಾಗಿತ್ತು. ನನ್ನ ಸಿಟ್ಟಿಗೆ ಮೊದಲ ಕಾರಣ ಅದೇ.

ಹೆಮ್ಮರಗಾಲದ ಚಾಕಿ ಕೇಂದ್ರದಲ್ಲಿ ಆಗಷ್ಟೇ ಮೊಟ್ಟೆಯೊಡೆದ ರೇಷ್ಮೆಹುಳುಗಳನ್ನು ಬೆಚ್ಚಗಿಟ್ಟು, ಕೊಂಚ ಬೆಳೆಸಿ ರೈತರಿಗೆ ಕೊಡುತ್ತೇವೆ. ಯಜಮಾನರು ಚಿಕ್ಕಬಸಪ್ಪನವರು. ಅವರ ಅಣ್ಣನ ಮಗ ಮದನ್ ಈ ಕಾರ್ತಿಕದ ಚಳಿಗೆಂದು ಎರಡು ಗ್ಯಾಸ್ ಹೀಟರ್ ತಂದು, ಸಿಲಿಂಡರ್ ಸಮೇತ ಒಳಗೇ ಇಟ್ಟ. ಬಿಸಿ ಸೋರಬಾರದೆಂದು ಕಿಟಕಿಗಳಿಗೆಲ್ಲ ಪ್ಲಾಸ್ಟಿಕ್ ಬಡಿದ.

ಅಂದಿನಿಂದ ಅವನು ಒಳಗೆ ಬಂದರೆ ನನ್ನ ತಲೆ ತೇಲುತ್ತಿತ್ತು. ಎದೆ ಡವಗುಟ್ಟುತ್ತಿತ್ತು.

"ಏನ್ರೀ ಹಂಗೆ ನೋಡ್ತೀರಾ?" ಎಂದೆ ಒಂದು ದಿನ, ಸೊಪ್ಪು ಹೆಚ್ಚುತ್ತಾ.

"ಥರ್ಮಾಮೀಟರ್ ನೋಡ್ತಿದ್ದೀನಿ ಕಣ್ರೀ."

"ಅದು ನನ್ನ ಬೆನ್ನ ಹಿಂದಿದೆ."

"ನೀವು ಅಡ್ಡ ನಿಂತ್ರೆ ನಾನೇನ್ ಮಾಡ್ಲಿ?"

ಅವನ ಕಣ್ಣಂಚಿನಲ್ಲಿ ನಗು. ಪಕ್ಕದಲ್ಲಿ ಹುಳುವಿಗೆ ಸೊಪ್ಪು ಉದುರಿಸುತ್ತಿದ್ದ ಮಂಗಳಮ್ಮ ಕೆಮ್ಮಿದಳು. "ನಂದಿತವ್ವ, ಮಕ ಕೆಂಪಗಾಗದೆ ಕಣೇ!"

ಸೋಮವಾರ ಆ ಮಂಗಳಮ್ಮನೇ ಟ್ರೇ ಹಿಡಿದಂತೆಯೇ ಕುಸಿದುಬಿದ್ದಳು.

ಮದನ್ ಒಂದು ಕಡೆ, ನಾನೊಂದು ಕಡೆ ಹಿಡಿದು ಹೊರಗೆ ಹೊಂಗೆಮರದ ಕೆಳಗೆ ತಂದೆವು. "ಆ ಗ್ಯಾಸ್ ಬಂದ್ಮೇಲೇ ಹಿಂಗೆ" ಎಂದರು ಹಿಂದೆಯೇ ಹೊರಬಂದ ಉಳಿದ ಹೆಂಗಸರು. ಚಿಕ್ಕಬಸಪ್ಪನವರು ಜಗಲಿಯಿಂದ ಇಳಿಯಲೂ ಇಲ್ಲ.

"ಕಾರ್ತಿಕ ಸೋಮವಾರದ ಉಪವಾಸ ಕಣ್ರಮ್ಮ. ಹೊಟ್ಟೇಲಿ ಏನಿಲ್ದೆ ನಿಂತ್ರೆ ತಲೆ ತಿರುಗ್ದೆ ಇನ್ನೇನು? ಗ್ಯಾಸ್ ಮೇಲೆ ಯಾಕೆ ಹಾಕ್ತೀರಿ? ಹುಳ ನೋಡಿ, ಒಂದೂ ಸತ್ತಿಲ್ಲ!"

ಮಂಗಳಮ್ಮ ಅರ್ಧ ಕಣ್ಣು ತೆರೆದಳು. "ಮೂರ್ ಇಡ್ಲಿ ತಿಂದಿವ್ನಿ ಸಾ. ನಮ್ಮತ್ತೆಗೆ ಯೋಳ್ಬೇಡಿ."

ಗಾಳಿಗೆ ಕುಳಿತು ಸ್ವಲ್ಪ ಹೊತ್ತಾಗಿತ್ತು. ನನ್ನ ತಲೆ ತೇಲುವುದು ನಿಲ್ಲತೊಡಗಿತು. ಮದನ್ ಭುಜಕ್ಕೆ ಭುಜ ತಾಗುವಷ್ಟು ಹತ್ತಿರವಿದ್ದ. ನನ್ನ ಎದೆ ಮಾತ್ರ ತಣ್ಣಗೆ, ತನ್ನ ಪಾಡಿಗೆ ತಾನು ಬಡಿಯುತ್ತಿತ್ತು.

ಹಾಗಾದರೆ ಇಷ್ಟು ದಿನ ನಾನು ಪ್ರೀತಿ ಅಂದುಕೊಂಡದ್ದು ಹೀಟರಿನ ವಿಷಗಾಳಿಯೇ?

ಮೈಯೆಲ್ಲ ಉರಿದುಹೋಯಿತು. ವಾಸನೆಯಿಲ್ಲದ, ಬಣ್ಣವಿಲ್ಲದ ಆ ಗಾಳಿಯ ವಿಚಾರ ಕಾಲೇಜಿನಲ್ಲಿ ಓದಿ ಪರೀಕ್ಷೆಯಲ್ಲೂ ಬರೆದಿದ್ದೆ. ಮುಚ್ಚಿದ ಕೋಣೆಯಲ್ಲಿ ಬೆಂಕಿ ಉಸಿರುಕಟ್ಟಿ ಉರಿದರೆ ಹುಟ್ಟುವುದು ಅದೇ. ಎದ್ದು ಹೋದವಳೇ ಬಾಗಿಲು ಹಾರುಹೊಡೆದು, ಹೊರಗಿನಿಂದಲೇ ಪ್ಲಾಸ್ಟಿಕ್ಕನ್ನು ಪರಪರ ಹರಿದೆ.

"ನಂದಿತಾ, ಹುಳಕ್ಕೆ..." ಎಂದ ಮದನ್.

"ಹುಳಕ್ಕೆ ನಮ್ಮಂಗೆ ಕೆಂಪು ರಕ್ತ ಇಲ್ಲ ಕಣ್ರೀ! ಈ ಗಾಳಿ ಹಿಡಿಯೋದು ನಮ್ಮ ರಕ್ತಾನ. ಹುಳ ಬದುಕಿದೆ ಅಂತ ಹೆಂಗಸ್ರು ಬದುಕಿದ್ದಾರೆ ಅಂತ ಲೆಕ್ಕ ಹಾಕ್ತೀರಲ್ಲ, ನಾಚಿಕೆ ಆಗಲ್ವಾ? ಗಾಳಿಗೆ ದಾರಿ ಬಿಡೋವರೆಗೂ ಒಬ್ಬಳೂ ಒಳಗೆ ಬರಲ್ಲ."

"ನಾಳೆಯಿಂದ ನೀನು ಬರೋದೇ ಬೇಡ" ಎಂದರು ಚಿಕ್ಕಬಸಪ್ಪನವರು.

ಮದನ್ ನನ್ನನ್ನೊಮ್ಮೆ ನೋಡಿದ. ಉಸಿರು ಬಿಗಿಹಿಡಿದು ಒಳಗೆ ಹೋಗಿ ಹೀಟರ್ ಆರಿಸಿದ. ಆಮೇಲೆ ಸಿಲಿಂಡರುಗಳನ್ನು ಒಂದೊಂದಾಗಿ ಎತ್ತಿ ಅಂಗಳದಲ್ಲಿಟ್ಟ.

"ಚಿಕ್ಕಪ್ಪ, ನನಗೂ ತಲೆ ತಿರುಗ್ತಿತ್ತು." ಅವನ ದನಿ ಇಳಿಯಿತು. "ನಾನು... ಬೇರೆ ಕಾರಣಕ್ಕೆ ಅಂದ್ಕೊಂಡಿದ್ದೆ."

ಅವನ ಕಿವಿ ಕೆಂಪಾದವು. ಈ ಸಲ ಅಲ್ಲಿ ಗ್ಯಾಸ್ ಇರಲಿಲ್ಲ. ಆದರೂ ನಾನು ಮುಖ ತಿರುಗಿಸಿದೆ. ಪ್ಲಾಸ್ಟಿಕ್ ಬಡಿದ ಕೈ ಅದೇ ತಾನೆ?

ಅವನೇ ಮಂಗಳಮ್ಮನನ್ನು ಹುಲ್ಲಹಳ್ಳಿಯ ಆಸ್ಪತ್ರೆಗೆ ಕರೆದೊಯ್ದ. ಅವರು ವಾಪಸ್ಸು ಬರುವಾಗ ಸಂಜೆ, ಹುಳುವಿಗೆ ಸೊಪ್ಪು ಕೊಡುವ ಹೊತ್ತು. ನಾವು ಹೆಂಗಸರೆಲ್ಲ ಹೊಂಗೆಮರದ ಕೆಳಗಿನಿಂದ ಕದಲಿರಲಿಲ್ಲ. ಚಿಕ್ಕಬಸಪ್ಪನವರು ಒಳಗೂ ಹೊರಗೂ ಓಡಾಡುತ್ತಿದ್ದರು.

"ಹುಳ ಉಪವಾಸ ಅವೆ ಕಣ್ರವ್ವ!"

ಮಂಗಳಮ್ಮ ಸೆರಗು ಹೊದ್ದು ನಮ್ಮ ಜೊತೆ ಕೂತಳು. "ಕಾರ್ತಿಕ ಸ್ವಾಮಾರ ಅಲ್ವಾ ಸಾ. ಮಾಡ್ಲಿ ಬುಡಿ."

ಯಜಮಾನರು ಒಳಗೆ ಇಣುಕಿ ಹುಳದ ಟ್ರೇಗಳನ್ನು ನೋಡಿದರು. "ಆಯ್ತು, ಗಾಳಿಗೆ ದಾರಿ ಮಾಡ್ಸೋಣ. ನೀನೂ ಬಾರಮ್ಮ" ಎಂದು ನನ್ನ ಕಡೆ ನೋಡದೆ ಗೊಣಗಿದರು.

ಈಗ ಸಿಲಿಂಡರ್ ಗೋಡೆಯಾಚೆ ಇದೆ. ಗೋಡೆಯ ಮೇಲೂ ಕೆಳಗೂ ಗಾಳಿಕಿಂಡಿ ತೆರೆದಿರದಿದ್ದರೆ ಹೀಟರ್ ಹಚ್ಚುವಂತಿಲ್ಲ. ವಿಷಗಾಳಿ ಸೇರಿದರೆ ಕಿರುಚುವ ಅಲಾರಂ ಒಂದನ್ನು ಮದನ್ ಮೈಸೂರಿನಿಂದ ತಂದು ಸಿಕ್ಕಿಸಿದ. ನಾನು ಮಾತು ಬಿಟ್ಟೇ ಇದ್ದೆ.

ಮುಂದಿನ ಸೋಮವಾರ ಅವನು ಥರ್ಮಾಮೀಟರ್ ನೋಡಲು ಬಂದ. ನಾನು ಅಡ್ಡ ನಿಂತಿರಲಿಲ್ಲ. ಆದರೂ ಅವನ ಕಣ್ಣು ನನ್ನ ಮೇಲೇ ಇತ್ತು. ನನ್ನ ಎದೆ ಹಾಳಾದ್ದು, ಡವಗುಟ್ಟತೊಡಗಿತು.

ಕಿಟಕಿ ನೋಡಿದೆ. ತೆರೆದಿತ್ತು, ತಣ್ಣನೆ ಗಾಳಿ ಬರುತ್ತಿತ್ತು.

"ಆ ಅಲಾರಂ ಕೆಟ್ಟಿದ್ಯಾ?"

"ಬೆಳಿಗ್ಗೆ ಒತ್ತಿ ನೋಡ್ದೆ. ಸರಿಯಾಗಿದೆ. ಯಾಕ್ರೀ?"

"ಹಂಗಾದ್ರೆ ಇದು ಗ್ಯಾಸ್ ಅಲ್ಲ" ಎಂದೆ, ಸಿಟ್ಟಿನಿಂದಲೇ.

ಅವನು ಹತ್ತಿರ ಬಂದು, ಕಿಟಕಿಯ ಇನ್ನೊಂದು ಬಾಗಿಲನ್ನೂ ಪೂರ್ತಿ ತೆರೆದ. ಒಂದು ಗಳಿಗೆ ಕಾದ. ಎದೆಯ ಮೇಲೆ ಕೈಯಿಟ್ಟುಕೊಂಡ.

"ನಂದೂ ಅಲ್ಲ" ಎಂದ.