ತೇವ ಕುಡಿಯುವ ಪೊಟ್ಟಣಗಳು

ಅಳಿಯ! ಆ ಒಂದು ಮಾತಿಗೆ ಇಷ್ಟು ತೂಕವಿದೆ ಎಂದು ಹಮ್ದಮ್‌ಗೆ ಅಂದಿನವರೆಗೆ ಗೊತ್ತಿರಲಿಲ್ಲ. ಮಾರ್ಗಿಲಾನ್ ಊರಿನಲ್ಲಿ ಅವನು ದುಡಿಯುತ್ತಿದ್ದ ಪುಟ್ಟ ಕಾರ್ಖಾನೆಯನ್ನು ನೋಡಲು ಸಮರ್ಕಂದದ ಹೋಟೆಲಿನವರು ಬಂದಿದ್ದರು. ನೆಲ ಒರೆಸುವ ನೀರಿಗೆ ಹಾಕಿದರೆ ಬುರುಬುರು ನೊರೆಯೆದ್ದು ಕರಗುವ ಮಾತ್ರೆ ಅಲ್ಲಿನ ಸರಕು. ಮಾತ್ರೆಯನ್ನು ಯಾರು ಬೇಕಾದರೂ ಮಾಡಿಯಾರು. ಬಕೆಟ್ಟಿಗೆ ಬೀಳುವವರೆಗೆ ಅದಕ್ಕೆ ತೇವ ತಗಲದಂತೆ ಕಟ್ಟುವುದರಲ್ಲೇ ಇರುವುದು ಕಷ್ಟ. ಗಾಳಿಯನ್ನು ಒಣಗಿಸಿದ ಕೋಣೆ, ಬೆಳ್ಳಿಬಣ್ಣದ ಚೀಲ, ಪ್ರತಿ ಚೀಲದೊಳಗೆ ತೇವ ಹೀರುವ ಮಣಿಗಳ ಕಾಗದದ ಪೊಟ್ಟಣ, ಎಲ್ಲವೂ ಹಮ್ದಮ್‌ನ ತಲೆಯಿಂದ ಬಂದದ್ದು. ಆ ಕೋಣೆಯಲ್ಲಿ ದುಡಿದೂ ದುಡಿದೂ ಅವನ ತುಟಿಗಳು ಸದಾ ಒಡೆದಿರುತ್ತಿದ್ದವು.

ಮಾಲೀಕ ಇನೋಯತ್ ಬಂದವರಿಗೆ ಇದನ್ನೆಲ್ಲ ತೋರಿಸಿ, "ಎಲ್ಲಾ ನಮ್ಮ ಅಳಿಯ ಜಮೋಲ್‌ದೇ ಕೈಚಳಕ. ಇನ್ಮೇಲೆ ಪ್ಯಾಕಿಂಗಿಗೆ ಅವನೇ ಮುಖ್ಯಸ್ಥ" ಎಂದುಬಿಟ್ಟ. ಆಮೇಲೆ ಹಿಂದಕ್ಕೆ ತಿರುಗಿ, "ಹಮ್ದಮ್‌ಜಾನ್, ಇವರಿಗೊಂಚೂರು ಚಹಾ ತಗೊಂಬಾರೋ" ಎಂದ. ಜಮೋಲ್ ನಾಚಿ ತಲೆ ತಗ್ಗಿಸಿದ. ಅಲ್ಲ ಎಂದು ಮಾತ್ರ ಹೇಳಲಿಲ್ಲ.

ಹಮ್ದಮ್ ಚಹಾ ತಂದ. ಬಟ್ಟಲುಗಳನ್ನು ನಗುನಗುತ್ತಲೇ ಕೊಟ್ಟ. ಬಿಟ್ಟು ಹೋಗೋಣವೆಂದರೆ ಈ ಕಸುಬು ಊರಿನಲ್ಲಿ ಬೇರೆಲ್ಲೂ ಇಲ್ಲ. ಕೂಗಾಡಿದರೆ ಮಾಲೀಕನ ಮಗಳ ಗಂಡನ ಮೇಲೆ ಹೊಟ್ಟೆಕಿಚ್ಚು ಎಂದಾರು. ತಾನೇ ಕಟ್ಟಿದ ಕೋಣೆಯಲ್ಲಿ ತಾನೇ ಸಿಕ್ಕಿಹಾಕಿಕೊಂಡಂತಾಗಿತ್ತು ಅವನಿಗೆ. ಹೊರಬರಲು ಒಂದೇ ದಾರಿ: ಜಮೋಲ್‌ನನ್ನು ಅದರಿಂದ ಹೊರದಬ್ಬುವುದು.

ಉಪಾಯ ಎಷ್ಟು ಸಲೀಸಾಗಿ ಹೊಳೆಯಿತೆಂದರೆ ಅವನಿಗೇ ನಗು ಬಂತು. ಮಣಿಪೊಟ್ಟಣಗಳನ್ನು ಚೀಲಕ್ಕೆ ಹಾಕುವ ಮೊದಲು ಒಲೆಯಲ್ಲಿ ಕಾಯಿಸಬೇಕು. ಕಾದವು ತೇವ ಕುಡಿಯುತ್ತವೆ. ಕಾಯದವು ಕುಡಿದು ಹೊಟ್ಟೆ ತುಂಬಿದವು, ಒಳಗಿದ್ದೂ ದಂಡ. ಹೊರಗಿನಿಂದ ನೋಡಿದರೆ ಎರಡೂ ಒಂದೇ ಬಿಳಿ ಕಾಗದ. ಅಳಿಯ ಮಹಾಶಯ ಕಾಯಿಸಿಟ್ಟ ಪೆಟ್ಟಿಗೆಯನ್ನು ತೆಗೆದು, ಕೆಟಲಿನ ಆವಿಗೆ ಹಿಡಿದ ಹಳೆಯ ಪೊಟ್ಟಣಗಳನ್ನು ಆ ಜಾಗದಲ್ಲಿಟ್ಟರೆ ಮುಗಿಯಿತು. ವಿಷವಿಲ್ಲ, ಕಳ್ಳ ಸಾಮಾನಿಲ್ಲ. ಯಾರು ಚೀಲ ಬಿಚ್ಚಿ ನೋಡಿದರೂ ಹೇಳುವುದು ಒಂದೇ ಮಾತು: ಜಮೋಲ್ ಕಾಯಿಸಿಲ್ಲ.

ಮಾಲೀಕನ ಕಿವಿಯ ಬಗ್ಗೆಯೂ ಅವನು ಯೋಚಿಸಿದ್ದ. ಇನೋಯತ್‌ನ ಅಪ್ಪ ಮದುವೆಗಳಲ್ಲಿ ತಮಟೆಯಂಥ ದೋಯಿರಾ ಬಾರಿಸಿ ಬದುಕಿದವನು. ಮಗ ಮಾತ್ರೆಗೆ ಬಂದರೂ ಬೆರಳು ಅಪ್ಪನದೇ. ಬಾಯಿ ಮುಚ್ಚಿದ ಪ್ರತಿ ಚೀಲವನ್ನೂ ಕಿವಿಯ ಹತ್ತಿರ ಹಿಡಿದು ತಟ್ಟುತ್ತಾನೆ, ಸದ್ದಿನಲ್ಲೇ ಸಡಿಲ ಬಿಗಿ ಹೇಳುತ್ತಾನೆ. ತಟ್ಟಲಿ ಬಿಡು, ಅಂದುಕೊಂಡ ಹಮ್ದಮ್. ಆ ಹೊತ್ತಿಗೆ ಚೀಲ ಸರಿಯಾಗಿಯೇ ಇರುತ್ತದೆ. ಕೆಡುವುದು ದಾರಿಯಲ್ಲಿ.

ವಸಂತದ ಮಳೆ ಹಿಡಿಯಿತು. ಶುಕ್ರವಾರ ಮಧ್ಯಾಹ್ನ ಎಲ್ಲರೂ ಮಸೀದಿಗೆ ಹೋದಾಗ ಹಮ್ದಮ್ ಹೊಟ್ಟೆನೋವೆಂದು ಉಳಿದ, ಪೆಟ್ಟಿಗೆ ಬದಲಿಸಿದ. ಇನ್ನು ಕಾಯಿಸಿದ ಪೊಟ್ಟಣಗಳನ್ನು ಏನು ಮಾಡುವುದು? ಕಾರ್ಖಾನೆಯಲ್ಲಿ ಲೆಕ್ಕಕ್ಕಿಂತ ಹೆಚ್ಚಿನವು ಕಣ್ಣಿಗೆ ಬಿದ್ದರೆ ಜಮೋಲ್ ಬಚಾವಾಗುತ್ತಾನೆ. ಕಾಲುವೆಗೆ ಎಸೆದರೆ ತೇಲುತ್ತವೆ, ಸುಟ್ಟರೆ ಅಕ್ಕಪಕ್ಕದವರು ಏನದು ಎಂದು ಇಣುಕುತ್ತಾರೆ. ಮನೆಗೆ ತಂದ. ನಡುಮನೆಯ ತುದಿಯಲ್ಲಿ ಅಮ್ಮನ ಮದುವೆಯ ಕಾಲದ ಅಕ್ರೋಟು ಮರದ ಪೆಟ್ಟಿಗೆಯಿತ್ತು. ನೆಂಟರ ಮನೆಯ ಮದುವೆ ಬಂದರೆ ಮಾತ್ರ ಅದರ ಮುಚ್ಚಳ ಏಳುವುದು. ಒಳಗೆ ಹಳೆಯ ತಲೆವಸ್ತ್ರದಲ್ಲಿ ಸುತ್ತಿದ ಏನೋ ಅಗಲದ್ದು ಅಡ್ಡ ಬಂತು. ಅಮ್ಮನ ದೋಯಿರಾ. ಅದನ್ನೆತ್ತಿ, ಪೊಟ್ಟಣಗಳನ್ನೆಲ್ಲ ತಳಕ್ಕೆ ಸುರಿದು, ಮೇಲೊಂದು ರಜಾಯಿ ಹಾಸಿ, ದೋಯಿರಾವನ್ನು ಅದರ ಮೇಲಿಟ್ಟು ಮುಚ್ಚಿದ.

ಮುಂದಿನದೆಲ್ಲ ಅವನು ಬರೆದಿಟ್ಟಂತೆ ನಡೆಯಿತು. ಸಮರ್ಕಂದದಿಂದ ಚೀಲಗಳು ದಿಂಬಿನ ಹಾಗೆ ಉಬ್ಬಿ ವಾಪಸು ಬಂದವು. ಒಳಗೆ ಮಾತ್ರೆಗಳು ಹಿಟ್ಟಾಗಿದ್ದವು. ಜಮೋಲ್ ರೊಟ್ಟಿ ಮುಟ್ಟಿ ಆಣೆಯಿಟ್ಟ: "ಮಾವ, ನಾನೇ ಕಾಯ್ಸಿದೀನಿ. ಸುಳ್ಳಾದ್ರೆ ಈ ರೊಟ್ಟಿ ನನ್ನನ್ನ ಹೊಡೀಲಿ!" ಇನೋಯತ್ ಮುಖ ತಿರುಗಿಸಿಕೊಂಡ. ಅಳಿಯ ಹೆಂಡತಿಯನ್ನು ಕರೆದುಕೊಂಡು ಊರು ಬಿಡುವುದೆಂದು ತೀರ್ಮಾನವಾಯಿತು. ಒಬ್ಬಳೇ ಮಗಳು ಅಳುತ್ತಾ ಗಂಟು ಕಟ್ಟುತ್ತಿದ್ದಾಳೆ ಎಂದು ಕೇಳಿದಾಗ ಹಮ್ದಮ್‌ಗೆ ಒಂದು ಗಳಿಗೆ ಕಸಿವಿಸಿಯಾಯಿತು. ಒಂದೇ ಗಳಿಗೆ.

ಮುಂದಿನ ಭಾನುವಾರ ಇನೋಯತ್ ತಾನಾಗಿಯೇ ಅವನ ಮನೆಗೆ ಬಂದ. ಹೊರಗೆ ಜಡಿಮಳೆ. ದೊಡ್ಡ ಅತಿಥಿಗೆ ಬಾಗಿಲಿನಿಂದ ಅತಿ ದೂರದ ಜಾಗ ಕೊಡಬೇಕಲ್ಲ, ನಡುಮನೆಯ ತುದಿಯಲ್ಲೇ ಕೂರಿಸಿದರು. ಅವನು ಬೆನ್ನನ್ನು ಪೆಟ್ಟಿಗೆಗೇ ಆನಿಸಿ ಕೂತ! ಹಮ್ದಮ್ ಪಲಾವಿನ ತಟ್ಟೆಯಿಂದ ಕೈ ತೆಗೆದ.

"ನನ್ನಿಂದ ತಪ್ಪಾಯ್ತು ಹಮ್ದಮ್‌ಜಾನ್. ನಾಳೆಯಿಂದ ಕೋಣೆ ನಿಂದು, ಹೆಸರೂ ನಿಂದೇ. ಆದ್ರೂ ರೊಟ್ಟಿ ಮೇಲೆ ಆಣೆ ಇಟ್ನಲ್ಲಪ್ಪಾ ಆ ಹುಡುಗ... ಅದೊಂದೇ ನಿದ್ದೆ ಕೊಡ್ತಿಲ್ಲ."

"ಪಾಪ, ಮರೆತಿರ್ತಾನೆ ಅಣ್ಣಾ" ಎಂದ ಹಮ್ದಮ್, ದೊಡ್ಡ ಮನಸ್ಸಿನಿಂದ.

ಇನೋಯತ್ ನಿಟ್ಟುಸಿರುಬಿಟ್ಟು ಹಮ್ದಮ್‌ನ ಅಮ್ಮನ ಕಡೆ ತಿರುಗಿದ. "ಸಾದತಮ್ಮಾ, ಮನಸ್ಸು ಕೆಟ್ಟೋಗಿದೆ. ನಮ್ಮಪ್ಪ ಇದ್ದಾಗ ನೀವೂ ದೋಯಿರಾ ಬಾರಿಸ್ತಿದ್ರಲ್ಲಾ, ಅದನ್ನ ಒಂದ್ಸಲ ಕೇಳಿಸಿ."

"ಅಯ್ಯೋ ಈ ಮಳೇಲಾ? ಚರ್ಮ ಸಡಿಲ ಆಗಿರ್ತದೆ, ಒದ್ದೆ ಹಾಸಿಗೆ ಬಡಿದಂಗೆ ದಬದಬ ಅಂತದೆ. ಒಲೆ ಮುಂದೆ ಕಾಯಿಸಿದ್ರೇನೇ ಅದು ಮಾತಾಡೋದು."

"ಬೇಡ ಬಿಡಮ್ಮ, ಆಮೇಲೆ ನೋಡೋಣ" ಎಂದು ಹಮ್ದಮ್ ಅರ್ಧ ಎದ್ದ. ಇನೋಯತ್ ನಗುತ್ತಾ ಅವನ ತೋಳು ಹಿಡಿದು ಕೂರಿಸಿದ. ಹಮ್ದಮ್‌ನ ಹೆಂಡತಿ ನಿಗೋರಾ ಆಗಲೇ ಪೆಟ್ಟಿಗೆಯ ಮುಚ್ಚಳ ಎತ್ತಿದ್ದಳು. ಅವಳು ಮೇಲಿದ್ದ ದೋಯಿರಾವನ್ನಷ್ಟೇ ತೆಗೆದುಕೊಂಡು ಮುಚ್ಚಿದಳು. ರಜಾಯಿ ಅಲುಗಲಿಲ್ಲ, ಒಂದು ಪೊಟ್ಟಣವೂ ಕಾಣಲಿಲ್ಲ. ಅಬ್ಬಾ, ಗೆದ್ದೆ! ಹಮ್ದಮ್ ನೆಮ್ಮದಿಯಿಂದ ಪಲಾವಿಗೆ ಕೈ ಹಾಕಿದ.

ಅಮ್ಮ ಸುಮ್ಮನೆ ಬೆರಳಾಡಿಸಿದಳು. ಡಣ್! ಇಡೀ ಮನೆ ಕಂಚಿನ ತಟ್ಟೆಯಂತೆ ಮೊಳಗಿತು. "ಅಯ್ಯೋ ನನ್ನ ಚಿನ್ನಾ, ಬೆಂಕಿ ಕಾಣದೇನೇ ಕೂಗ್ತಿದ್ದೀಯಲ್ಲೇ!" ಎಂದು ಮುದುಕಿ ಹಿಗ್ಗಿದಳು. ಇನೋಯತ್‌ನ ಕೈಯ ತುತ್ತು ಅಲ್ಲೇ ನಿಂತಿತು. ಅವನು ದೋಯಿರಾ ತೆಗೆದುಕೊಂಡು ಕಿವಿಯ ಹತ್ತಿರ ಹಿಡಿದ, ಚೀಲ ತಟ್ಟುವ ಅದೇ ಬೆರಳಿನಿಂದ ಚರ್ಮವನ್ನು ತಟ್ಟಿದ, ಇನ್ನೊಮ್ಮೆ ತಟ್ಟಿದ. ಹೊರಗೆ ಮಳೆ ಸುರಿಯುತ್ತಲೇ ಇತ್ತು. ಕದ್ದು ತಂದು ಸುರಿದಿದ್ದರೂ ಪೊಟ್ಟಣಗಳು ಕತ್ತಲಲ್ಲಿ ಸುಮ್ಮನೆ ಕೂತಿರಲಿಲ್ಲ, ಜಮೋಲ್ ಕಾಯಿಸಿದ ಕಾವಿಗೆ ತಕ್ಕಂತೆ ತಮ್ಮ ಕೆಲಸ ಮಾಡಿದ್ದವು. ಇನೋಯತ್ ಇಷ್ಟು ಹೊತ್ತೂ ಬೆನ್ನು ಆನಿಸಿದ್ದ ಪೆಟ್ಟಿಗೆಯ ಕಡೆ ನಿಧಾನವಾಗಿ ತಿರುಗಿ, ಮುಚ್ಚಳದ ಮೇಲೆ ಕೈಯಿಟ್ಟು ಕೇಳಿದ: "ಈ ಚರ್ಮದ ತೇವಾನ ಯಾರು ಕುಡಿದ್ರು, ಹಮ್ದಮ್‌ಜಾನ್?"